ಬಹ್ಲಾದ ಹಿಂಬದಿ

ಮಾರಾಯ್ರೇ, ಇವತ್ತು ಬಹ್ಲಾದಲ್ಲಿ ನಮ್ಮ ಯಜಮಾನರು ಎಲ್ಲರೂ ನೋಡುವ ಕೋಟೆಯ ಕಡೆ ಹೋಗದೆ ಒಂದು ಅಂಗಡಿಯ ಹಿಂಬದಿಗೆ ಹೋಗಿ ವ್ಯಾನ್ ನಿಲ್ಲಿಸಿದರು. ಹಾಸಿಗೆ, ಒಲೆ ಎಲ್ಲ ಇರುವ ಬಾಡಿಗೆ ವ್ಯಾನ್. ಒಮಾನ್ ಬಿಟ್ಟು ಮಂಗಳೂರಿಗೆ ಹೋಗುವ ಮೊದಲು ಊರೂರು ತೋರಿಸ್ತೇನೆ ಅಂತ ಹೊರಡಿಸಿದ್ದು ಅವರೇ. ಪರದೆ ಸರಿಸಿದರೆ ಎದುರಿಗೆ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ನಿನ್ನೆ ನಿಜ್ವಾದಲ್ಲೂ ಇದೇ ದೃಶ್ಯ.

“ಎಂತ ಇದು? ಕೋಟೆ ನೋಡ್ಲಿಕ್ಕೆ ಬಂದದ್ದಲ್ವಾ ನಾವು?” ಅಂದೆ.

“ಇಲ್ಲಿ ನೆರಳುಂಟು,” ಅಂದರು. ಮತ್ತೆ ಪೆಟ್ಟಿಗೆಗಳ ಕಡೆ ಕೈ ತೋರಿಸಿ, “ನಂಗೆ ಗೊತ್ತಿರುವ ಬಹ್ಲಾ ಇದೇ.”

ಇಷ್ಟು ವರ್ಷ ಇವರು ಈ ಊರುಗಳ ಅಂಗಡಿಗಳಿಗೆ ಮೊಸರಿನ ಕ್ರೇಟು ಇಳಿಸುತ್ತಿದ್ದವರು. ಸಂಜೆ ಮನೆಗೆ ಬಂದು “ಇವತ್ತು ಬಹ್ಲಾಕ್ಕೆ ಹೋಗಿದ್ದೆ” ಅಂದರೆ, ಅಲ್ ಖೌದ್‌ನ ನಮ್ಮ ಫ್ಲಾಟಿನಲ್ಲಿ ಕೂತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್. ಮೊಸರಿನ ಗಾಡಿ, ಇವರದೇ ಹಳೇ ಕಂಪನಿಯದು. ಹೊಸ ಡ್ರೈವರ್ ತಲೆ ಹೊರಗೆ ಹಾಕಿ, “ಭಾಯ್, ಗಾಡಿ ಹಟಾವೋ. ಯೆ ಡೆಲಿವರಿ ಕಾ ಜಗಾ ಹೈ,” ಅಂದ. ಸಾಮಾನು ಇಳಿಸುವ ಜಾಗವಂತೆ, ಗಾಡಿ ತೆಗೀಬೇಕಂತೆ. ತಾನು ಯಾರೆಂದು ಇವರು ಹೇಳಬಹುದಿತ್ತು. “ಸಾರಿ” ಅಂತ ಹೇಳಿ ವ್ಯಾನ್ ತೆಗೆದರು.

ಕೊನೆಗೂ ಕೋಟೆಯ ಎದುರು ನಿಲ್ಲಿಸಿದರು. ನಾನು ಚಹಾಕ್ಕೆ ನೀರಿಟ್ಟೆ. ಇವರು ಸೀಟು ಬಿಟ್ಟು ಏಳಲಿಲ್ಲ, ಎಂಜಿನ್ನೂ ಆಫ್ ಮಾಡಲಿಲ್ಲ. “ಇಲ್ಲಿ ನಿಲ್ಲಿಸಿದ್ರೆ ಯಾರಾದ್ರೂ ಬೈತಾರೆ,” ಅಂದರು.

ಚಹಾ ಕುಡಿದು ಮುಗಿಯಿತು. ಬೈಲಿಕ್ಕಾದರೂ ಯಾರೂ ಬರಲಿಲ್ಲ.