ಬೋರಯ್ಯ ಬಿಟ್ಟುಕೊಡದ ಶುಕ್ರವಾರ

ತನ್ನ ಮತ್ತು ಕೆಂಪರಾಜುವಿನ ಮದುವೆಯನ್ನು ಆಷಾಢದಲ್ಲಿ ಇಟ್ಟುಕೊಳ್ಳೋಣ ಎಂದು ಮಗಳು ಪ್ರಿಯಾಂಕ ಫೋನಿನಲ್ಲಿ ಹೇಳಿದಾಗ ಚಿಕ್ಕಬೋರಯ್ಯನವರು ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದರು. ಕೈ ನಿಂತಿತು.

"ಆಸಾಡದಲ್ಲಾ? ಯಾರ್ಗೂ ಬ್ಯಾಡ್ದಿರೋ ತಿಂಗ್ಳಲ್ಲಾ?"

"ಅದಕ್ಕೇ ಅಪ್ಪ. ಆಗ ಚೌಟ್ರಿ ಖಾಲಿ ಇರ್ತದೆ, ಕೆಂಪರಾಜುಗೂ ರಜ ಸಿಗ್ತದೆ. ಮದ್ವೆ ಸೀಸನ್ನಲ್ಲಿ ಬಸ್ ಡ್ರೈವರ್‌ಗೆ ಯಾರು ರಜ ಕೊಟ್ಟಾರು? ನಾವೇನು ಮುಹೂರ್ತ ನೋಡೋರಾ?"

"ನೋಡಲ್ಲ. ಆದ್ರೂ ಬ್ಯಾಡ."

"ಹಂಗಂದ್ರೆ ಏನಪ್ಪ?"

"ಹಂಗಂದ್ರೆ ಹಂಗೇಯ" ಎಂದು ಫೋನು ಇಟ್ಟರು.

ಕಿರುಗಾವಲಿನಿಂದ ಸ್ವಲ್ಪ ಒಳಗಿರುವ ಊರು ಅದು. ಅಲ್ಲಿನ ಕೆಳಗಿನ ಬೀದಿಯಲ್ಲಿ ಚಿಕ್ಕಬೋರಯ್ಯನವರ ಮನೆ. ವಯಸ್ಸು ಅರವತ್ತು ದಾಟಿದೆ. ಅರ್ಧ ಎಕರೆ ಹಿಪ್ಪುನೇರಳೆ ಇದೆ. ಹದಿನೈದು ವರ್ಷದ ಹಿಂದೆ ಮನೆಯವರೆಲ್ಲ ಬೌದ್ಧ ದೀಕ್ಷೆ ಪಡೆದರು. ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಅವರು ನೋಡುವುದು ತಾರೀಕು ಮಾತ್ರ. ಅದರ ಕೆಳಗಿನ ಸಣ್ಣ ಅಕ್ಷರದ ತಿಥಿ, ನಕ್ಷತ್ರ ಓದುವುದಿಲ್ಲ. ಹುಳು ಸಾಕುವವರಿಗೆ ಅದು ಕಷ್ಟವೂ ಅಲ್ಲ. ಹುಳು ಹಣ್ಣಾದರೆ ಅಮಾವಾಸ್ಯೆಯಾದರೂ ಅದೇ ದಿನ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಗೂಡು ಕೆಡುತ್ತದೆ. ಇಂಥ ಮನುಷ್ಯ ಮಗಳ ಮದುವೆಗೆ ಮಾತ್ರ ಒಳ್ಳೆಯ ಮುಹೂರ್ತದ ದಿನವೇ ಬೇಕೆಂದು ಹಟ ಹಿಡಿದದ್ದು ಬೀದಿಯವರಿಗೆ ವಿಚಿತ್ರವಾಗಿ ಕಂಡಿತು. ಅವರ ಸ್ವಂತ ಮದುವೆ ಹೇಗಾಯಿತೆಂದು ಬಲ್ಲವರಿಗೆ ಹಾಗೆ ಕಾಣಲಿಲ್ಲ.

ಬೋರಯ್ಯನವರು ಆಗ ತಮಟೆ ಬಡಿಯುತ್ತಿದ್ದರು. ಊರಲ್ಲಿ ತಮಟೆಯವರು ಒಟ್ಟು ಆರು ಜನ, ಎಲ್ಲರೂ ಕೆಳಗಿನ ಬೀದಿಯವರೇ. ಮೇಲಿನ ಬೀದಿಯ ಯಾವ ಮದುವೆಯೂ ಅವರಿಲ್ಲದೆ ನಡೆಯುತ್ತಿರಲಿಲ್ಲ. ಅಕ್ಕಿ ಕೇರುವುದಕ್ಕೆ, ಪಾತ್ರೆ ಬೆಳಗುವುದಕ್ಕೆ ಹೋಗುತ್ತಿದ್ದ ಹೆಂಗಸರೂ ಇದೇ ಬೀದಿಯವರು. ಆದ್ದರಿಂದ ಮುಹೂರ್ತವಿದ್ದ ದಿನಗಳಲ್ಲಿ ಕೆಳಗಿನ ಬೀದಿ ಖಾಲಿಯಾಗುತ್ತಿತ್ತು. ಅವರ ಮನೆಯ ಮದುವೆಗಳು ಉಳಿದ ದಿನಗಳಲ್ಲಿ ಆಗುತ್ತಿದ್ದವು.

ಬೋರಯ್ಯನವರ ಅಪ್ಪನಿಗೆ ಮಾತ್ರ ಮಗನದು ಸರಿಯಾದ ದಿನದಲ್ಲಿ ಆಗಬೇಕೆಂಬ ಆಸೆ. ಪಂಚಾಂಗ ನೋಡುವ ಅಯ್ಯನವರ ಮನೆಯ ಅಂಗಳದಾಚೆ ನಿಂತು, ಕೇಳಿ, ವೈಶಾಖದ ಒಂದು ಗುರುವಾರ ಗೊತ್ತುಮಾಡಿಕೊಂಡು ಬಂದ. ಹುಡುಗಿ ಚಲುವಮ್ಮ, ಹಲಗೂರು ಕಡೆಯವಳು. ಮದುವೆ ಗಂಡಿನ ಊರಲ್ಲೇ ಆದ್ದರಿಂದ ಬುಧವಾರ ಸಂಜೆಗೆ ಅವಳನ್ನು ಕರೆತಂದು ಗಂಡಿನ ಕಡೆಯ ನೆಂಟರ ಮನೆಯಲ್ಲಿ ಇಳಿಸಿದ್ದರು. ಅಷ್ಟರಲ್ಲಿ ಮೇಲಿನ ಬೀದಿಯ ದೊಡ್ಡಮನೆಯಿಂದ ಆಳು ಬಂದ. ಮುಂದಿನ ವಾರ ಇದ್ದ ಅವರ ಮನೆಯ ಮದುವೆ ಬೀಗರ ಕಡೆಯ ಯಾವುದೋ ಕಾರಣಕ್ಕೆ ಈ ಗುರುವಾರಕ್ಕೇ ಬಂದಿದೆ, ಬೀಗರೂಟ ಶುಕ್ರವಾರ, ಬೋರನದು ಆಮೇಲೆ ಆಗಲಿ ಎಂದ. ಅಪ್ಪ ಓಡಿಹೋಗಿ ಅಯ್ಯನವರನ್ನು ಬೇರೆ ದಿನ ಕೇಳಿದ. "ನಿಮಗೆ ಯಾವ ದಿನ ಆದ್ರೇನೋ" ಎಂದು ಅವರು ಒಳಗೆ ಹೋದರು.

ಗುರುವಾರ ಮದುಮಗನೇ ದೊಡ್ಡಮನೆಯ ಚಪ್ಪರದ ಮುಂದೆ ತಮಟೆ ಬಡಿದ. ಶುಕ್ರವಾರವೂ ಬಡಿದ. ಶನಿವಾರ ಅವನ ಮದುವೆಯಾಯಿತು. ಬಡಿಯಲು ಯಾರ ಕೈಯಲ್ಲೂ ಶಕ್ತಿ ಉಳಿದಿರಲಿಲ್ಲ.

ದಿನಕ್ಕೆ ಇಪ್ಪತ್ನಾಲ್ಕು ಗಂಟೆ, ಅದು ಎಲ್ಲರಿಗೂ ಸಮ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಗಡಿಯಾರದ ಮಟ್ಟಿಗೆ ಅದು ನಿಜ. ಆದರೆ ಒಂದೇ ಊರಿನಲ್ಲಿ ಒಂದು ಬೀದಿ ದಿನವನ್ನು ಆರಿಸಿಕೊಂಡಿತು, ಇನ್ನೊಂದು ಬೀದಿ ಅದು ಮುಗಿಯುವವರೆಗೆ ಕಾಯಿತು. ಇದನ್ನು ಯಾವ ಪಾಠದಲ್ಲೂ ಬರೆದಿಲ್ಲ. ಮದುವೆಯಾದ ಕೆಲವು ವರ್ಷಕ್ಕೆ ಬೋರಯ್ಯನವರು ತಮಟೆ ಬಿಟ್ಟರು. ಸಿಟ್ಟು ಬಿಡಲಿಲ್ಲ.

ಫೋನು ಇಟ್ಟ ಮಾರನೆಯ ದಿನವೇ ಅವರು ಮಳವಳ್ಳಿಗೆ ಹೋದರು. ಚೌಟ್ರಿಯ ಮ್ಯಾನೇಜರ್ ಮಹದೇವು ಆಷಾಢಕ್ಕೆ ಮುಂಚಿನ ಮುಹೂರ್ತಗಳೆಲ್ಲ ಬುಕ್ಕಾಗಿವೆ ಎಂದ. ಆಮೇಲೆ, ಜ್ಯೇಷ್ಠದ ಕೊನೆಯ ಶುಕ್ರವಾರ ಯಾರೋ ನಿನ್ನೆ ತಾನೇ ರದ್ದು ಮಾಡಿದ್ದಾರೆ, ಬೇಕಾದರೆ ಈಗಲೇ ಹೇಳಿ ಎಂದ. ಬೋರಯ್ಯನವರು ಆಗಲೇ ಹೇಳಿದರು.

ಮೂರನೆಯ ದಿನ ದೊಡ್ಡಮನೆಯ ಶಿವರಾಮು ಬೈಕಿನಲ್ಲಿ ಬಂದ. ಚುನಾವಣೆ ಬಿಟ್ಟರೆ ಅವನು ಕೆಳಗಿನ ಬೀದಿಗೆ ಬರುವುದು ಅಪರೂಪ. ಅವನ ಮಗಳು ತೇಜುವಿಗೂ ಮದುವೆ ಗೊತ್ತಾಗಿತ್ತು.

"ಬೋರಣ್ಣ, ಒಂದು ಮಾತಿತ್ತು."

"ಏಳಪ್ಪ."

"ಆ ಶುಕ್ರವಾರ ನೀವು ಹಿಡ್ಕೊಂಡಿದ್ದೀರಂತೆ, ಮಹದೇವು ಹೇಳ್ದ. ನಮ್ಮ ತೇಜು ಜಾತಕಕ್ಕೆ ಅದೊಂದೇ ದಿನ ಕೂಡಿಬಂದಿರೋದು. ನೀವು ಬೌದ್ಧರು, ಪಂಚಾಂಗ ನೋಡಲ್ಲ. ನಿಮಗೆ ಯಾವ ದಿನ ಆದ್ರೇನು? ಎರಡು ವಾರ ಮುಂದಕ್ಕಾಕೊಂಡ್ರೆ ಉಪಕಾರ ಆಯ್ತದೆ."

ಬೋರಯ್ಯನವರು ಅವನ ಮುಖ ನೋಡಿದರು. ತಾನು ಕೆಟ್ಟದ್ದು ಹೇಳಿದೆನೆಂದು ಅವನಿಗೆ ತಿಳಿದಂತಿರಲಿಲ್ಲ. ಅದೇ ಅವರ ಮೈ ಉರಿಸಿತು.

"ನಿಮ್ಮಪ್ಪ ಆಳ್ ಕೈಲಿ ಏಳಿ ಕಳ್ಸಿದ್ದ. ನೀನು ನೀನಾಗೇ ಬಂದಿದ್ದೀಯ. ಅಷ್ಟು ಮುಂದ್ವರ್ದಿದ್ದೀರಿ."

"ಹಳೇದೆಲ್ಲ ಯಾಕೆ, ಬುಡಿ ಬೋರಣ್ಣ. ಕಾಲ ಬದಲಾಗದೆ."

"ಯಾರ್ ಕಾಲ?"

ಶಿವರಾಮು ಕೆಮ್ಮಿದ. "ನಿಮ್ಮ ಪ್ರಿಯಾಂಕನೇ ಬಸ್ಸಲ್ಲಿ ತೇಜು ಹತ್ರ ಹೇಳವ್ಳೆ, ಆಷಾಢದಲ್ಲೇ ಮಾಡ್ಕೊತೀವಿ ಅಂತ. ನೀವೇ ಒಪ್ತಿಲ್ಲ ಅಂತ."

"ಆ ದಿನ ಬುಡಕ್ಕಾಗಲ್ಲ. ಓಗು."

ಪ್ರಿಯಾಂಕ ಮಂಡ್ಯದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಭಾನುವಾರ ಮನೆಗೆ ಬಂದವಳ ಕೈಯಲ್ಲಿ ಚೀಲ ಇನ್ನೂ ಇತ್ತು, ಆಗಲೇ ಬೋರಯ್ಯನವರು ಶುರುಮಾಡಿದರು.

"ಅವ್ರ ಮನೆ ಹುಡುಗಿ ತಾವ ನಮ್ಮನೆ ದಿನ ಮಾತಾಡಿದ್ದೀಯಲ್ಲ ಕಣಮ್ಮಿ. ಅವ್ರು ಕೇಳಕ್ಕೆ ಬಂದ್ರು ನೋಡು, ಕೊಡ್ರೋ ಅಂತ."

"ಅವ್ರು ಕೇಳಿದ್ರು ಅಂತ ನಾನು ಹೇಳ್ತಿಲ್ಲ. ನಂಗೇ ಬೇಡ ಅಪ್ಪ. ಆ ಶುಕ್ರವಾರ ಕೆಂಪರಾಜುಗೆ ಸಿಗೋದು ಒಂದೇ ದಿನ. ಬೆಳಿಗ್ಗೆ ಹಾರ ಹಾಕ್ಕೊಂಡು ಮಾರನೇ ದಿನ ಡ್ಯೂಟಿಗೆ ಹೋಗ್ಬೇಕು. ಆಷಾಢದ ಭಾನುವಾರ ಆದ್ರೆ ಒಂದು ವಾರ ಇರ್ತಾನೆ. ನಮ್ಮ ಲ್ಯಾಬಿನೋರೂ ಬತ್ತಾರೆ."

"ಮುಹೂರ್ತದ ದಿನದಲ್ಲಿ ನಮ್ಮೋರು ಒಬ್ಬರಾದ್ರೂ ಮದ್ವೆ ಆಗ್ಬೇಕು."

"ಅವ್ರು ಹಸೆಮಣೆ ಮೇಲೆ ಕೂತ ದಿನದಲ್ಲೇ ನಾವೂ ಕೂತ್ರೆ ದೊಡ್ಡೋರಾಯ್ತೀವಾ? ಅದು ಒಳ್ಳೇ ದಿನ ಅಂತ ಹೇಳಿದ್ದು ಯಾರು? ಅವ್ರೇ ತಾನೆ?"

"ನಲವತ್ತು ವರ್ಸ ಕಾದಿದ್ದೀನಿ ಕಣಮ್ಮಿ ನಾನು."

ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಚಲುವಮ್ಮನವರು ಕೋಲು ಬಿಟ್ಟು ಹೊರಗೆ ಬಂದರು.

"ಕಾದಿದ್ದು ಯಾರು?"

ಬೋರಯ್ಯನವರು ತಿರುಗಿದರು.

"ಅಲ್ಲ, ಕೇಳ್ತಿದ್ದೀನಿ. ಕಾದಿದ್ದು ಯಾರು? ಬುದುವಾರ ಸಂಜೆ ನಂಗೆ ಅರಿಸ್ನ ಅಚ್ಚಿದ್ರು. ಅರಿಸ್ನ ಬಿದ್ದ ಮೇಲೆ ಒಸ್ಲು ದಾಟಂಗಿಲ್ಲ, ಮೈಗೆ ನೀರು ಉಯ್ಕೊಳಂಗಿಲ್ಲ. ಗುರುವಾರ ಇಲ್ಲ ಅಂದ್ರು. ಸುಕ್ರವಾರ ಇಲ್ಲ ಅಂದ್ರು. ಗುರುತಿಲ್ದಿರೋರ ಮನೆ ಮೂಲೇಲಿ ಕುಂತಿದ್ದೆ. ಅರಿಸ್ನ ಒಣಗಿ ಕೆನ್ನೆ ಬಿರ್ದೋಗಿ ಉರಿಯೋದು. ಗಂಡಿನ ಕಡೆಯೋರು ಬ್ಯಾಡ ಅಂದ್ಬುಟ್ರಾ ಅಂತ ನಮ್ಮವ್ವ ಗೋಡೆಗೆ ತಲೆ ಕೊಟ್ಕೊಂಡು ಅಳೋಳು. ಮೇಲಿನ ಬೀದಿ ತಮಟೆ ಅಲ್ಲಿಗೂ ಕೇಳೋದು. ಅದ್ರಲ್ಲಿ ಮದುಮಗನೂ ಅವ್ನೆ ಕಣೇ ಅಂತ ಯಾವಳೋ ನಗಾಡಿದ್ಲು."

"ನಾನೇನು ಕುಸಿಯಿಂದ ಬಡಿದ್ನಾ?"

"ಇಲ್ಲ ಕಣಯ್ಯ. ಆದ್ರೆ ನಿಂಗೆ ಕೈಗೆ ಕೆಲ್ಸ ಇತ್ತು, ಒತ್ತು ಓಯ್ತು. ನಾನು ಸುಮ್ಕೆ ಕುಂತಿದ್ದೆ. ಯಾವ ದಿನ ಅಂತ ಅವ್ರೂ ನನ್ನ ಕೇಳ್ನಿಲ್ಲ, ನೀನೂ ಕೇಳ್ನಿಲ್ಲ. ಈಗ ಇವ್ಳ್ನೂ ಕೇಳ್ಬ್ಯಾಡ. ಚೆನ್ನಾಗದೆ."

ಇಷ್ಟು ಹೇಳಿ ಒಳಗೆ ಹೋದರು. ಮುದ್ದೆ ಸ್ವಲ್ಪ ಸೀದಿತ್ತು. ಅವತ್ತು ಮೂವರೂ ಅದನ್ನೇ ಉಂಡರು.

ಆ ಎರಡು ದಿನದ ಕಥೆಯನ್ನು ಬೋರಯ್ಯನವರು ಸಂಘದ ಸಭೆಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಬೀಗರ ಮುಂದೆ ಎಷ್ಟೋ ಸಲ ಹೇಳಿದ್ದರು. ಅದರಲ್ಲಿ ತಮಟೆ ಇರುತ್ತಿತ್ತು, ದೊಡ್ಡಮನೆ ಇರುತ್ತಿತ್ತು. ಅರಿಸಿನ ಹಚ್ಚಿಕೊಂಡು ಕೂತ ಹುಡುಗಿ ಇರುತ್ತಿರಲಿಲ್ಲ.

ಉಂಡು ಕೈ ತೊಳೆದ ಮೇಲೆ ಮಗಳನ್ನು ಕೇಳಿದರು. "ಯಾವ ಭಾನುವಾರ?"

ಅವಳು ಹೇಳಿದಳು. ಶುಕ್ರವಾರಕ್ಕೂ ಅದಕ್ಕೂ ನಡುವೆ ಹದಿನಾರು ದಿನ.

ಬೆಳಿಗ್ಗೆ ಮೊದಲ ಬಸ್ಸಿಗೆ ಮಳವಳ್ಳಿಗೆ ಹೋಗಿ ಶುಕ್ರವಾರ ಬಿಟ್ಟು ಭಾನುವಾರ ಬರೆಸಿದರು. ಮಹದೇವು ದನಿ ತಗ್ಗಿಸಿ, "ಯಾರಾದ್ರೂ ಬಂದು ಹೆದರ್ಸಿದ್ರಾ ಬೋರಯ್ಯ?" ಎಂದ.

"ಇಲ್ಲ. ಮನೇಲಿ ಕೇಳ್ದೆ."

ಸಂಜೆಯ ಹೊತ್ತಿಗೆ ಶಿವರಾಮು ಮತ್ತೆ ಬಂದ. ಬೈಕಿನ ಹ್ಯಾಂಡಲಿಗೆ ಹಣ್ಣಿನ ಚೀಲ ನೇತುಹಾಕಿದ್ದ. ಅದನ್ನು ತೆಗೆದು ಮುಂದೆ ಹಿಡಿದ. ಮುಖ ಅರಳಿತ್ತು.

"ದೊಡ್ಡ ಮನಸು ಮಾಡಿ ಬಿಟ್ಕೊಟ್ರಿ ಬೋರಣ್ಣ. ಮರೆಯಲ್ಲ ನಾನು."

"ಬುಟ್ಕೊಡ್ನಿಲ್ಲ ಕಣಪ್ಪ" ಎಂದರು ಬೋರಯ್ಯನವರು. ಚೀಲಕ್ಕೆ ಕೈ ಚಾಚಲಿಲ್ಲ. "ನನ್ ಮಗಳಿಗೆ ಆ ದಿನ ಬ್ಯಾಡ್ವಾಗಿತ್ತು. ನೀನು ಕೇಳ್ದೆ ಅಂತ ಕೊಟ್ಟಿದ್ರೆ ಅಣ್ಣು ಈಸ್ಕೊತಿದ್ದೆ."

"ಎರಡೂ ಒಂದೇ ಅಲ್ವಾ?"

"ಅಲ್ಲ."

ಶಿವರಾಮು ಚೀಲ ಹಿಡಿದುಕೊಂಡೇ ನಿಂತ. ಮಾತು ಬೆಳೆಸಬೇಕೆಂದು, ಮದುವೆ ಎಷ್ಟು ಹೊತ್ತಿಗೆ ಎಂದು ಕೇಳಿದ.

"ಭಾನುವಾರ ಸಂಜೆ ಐದು ಗಂಟೆಗೆ. ಡ್ಯೂಟಿ ಮುಗ್ಸಿ ಬರೋರಿಗೆ ಅನ್ಕೂಲ ಅಂತ ಮಗಳು ಇಟ್ಟವ್ಳೆ."

ಶಿವರಾಮು ಬೆರಳು ಮಡಿಸಿ ಲೆಕ್ಕ ಹಾಕಿದ. ಹುಬ್ಬು ಗಂಟಾಯಿತು. "ಭಾನುವಾರ ಐದು ಗಂಟೆ ಅಂದ್ರೆ... ಅದು ರಾಹುಕಾಲ ಅಲ್ವಾ ಬೋರಣ್ಣ?"

"ನಿಂಗೆ" ಎಂದರು ಬೋರಯ್ಯನವರು. "ಬರೋ ಅಂಗಿದ್ರೆ ಬಾ. ಊಟ ಅದೆ."