ಅಕ್ಕನ ಹಲ್ಲಿನ ಸೆಟ್ಟು

ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಬೀದಿಗೆಲ್ಲ ಅವನು ಹಲ್ಲಣ್ಣ. ತಾನು ಮಾಡಿದ ಹಲ್ಲು ಹಾಕಿಕೊಂಡವರು ಕನ್ನಡಿ ಮುಂದೆ ನಿಂತು ನಕ್ಕರೆ ಸಾಕು, ಅವನ ಹೊಟ್ಟೆ ತುಂಬುತ್ತಿತ್ತು. ಅವರು ಉಣ್ಣುವುದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ, ಪುಣ್ಯಾತ್ಮ!

ಬಾಯಿ ಬೋಳಾದ ಅಕ್ಕನಿಗೂ ಒಂದು ಸೆಟ್ಟು ಮಾಡಿಕೊಟ್ಟ. ಹುಟ್ಟುತ್ತಲೇ ತಾಯಿ ಕಳೆದುಕೊಂಡ ಅವನನ್ನು, ಆಗ ಹತ್ತು ವರ್ಷದವಳಾಗಿದ್ದ ಈ ಅಕ್ಕನೇ ಸಾಕಿದ್ದು. ಆ ಪ್ರೀತಿಗೆ ದವಡೆ ಹಲ್ಲನ್ನೂ ಉಜ್ಜಿ ಉಜ್ಜಿ ಮುತ್ತಿನಂತೆ ನುಣುಪು ಮಾಡಿದ್ದ. ಆದರೆ ಮೂರು ತಿಂಗಳಲ್ಲಿ ಅಕ್ಕ ಕಡ್ಡಿಯಾದಳು. ಉಂಡಾದ ಮೇಲೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುವಳು. ಕೇಳಿದರೆ, "ನಿನ್ನ ಹಲ್ಲು ಚಿನ್ನದಂಥವು ಕಣೋ" ಅನ್ನುವಳು. ಅಕ್ಕ ಕೈತಪ್ಪಿ ಹೋದರೆ ಎಂದು ಹೆದರಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ ಹೇಳಿದರು: "ಹೊಟ್ಟೇಲಿ ರೋಗ ಇಲ್ಲ. ಗಂಟೆಗಟ್ಟಲೆ ಹಿಂಡಿ, ಹುಳಿರಸ ಸುರಿದು, ಊಟಾನ ನುಣ್ಣಗೆ ಮಾಡೋ ಚೀಲ ಅದು. ಇಡಿಯಾಗಿ ಬಂದಿದ್ದನ್ನ ಎಷ್ಟೂಂತ ಹಿಂಡುತ್ತೆ? ಇವರು ಅಗೀತಾರಾ?"

ಮನೆಗೆ ಬಂದವನೇ ಅಕ್ಕನ ಕೈಗೆ ಕಡಲೇಬೀಜ ಕೊಟ್ಟ. "ಚೆನ್ನಾಗಿ ಅಗಿದು ಈ ಬಟ್ಟಲಿಗೆ ಉಗುಳಕ್ಕ."

ಬಟ್ಟಲಿಗೆ ಬಿದ್ದದ್ದು ಇಡೀ ಇಡೀ ಬೇಳೆಗಳು. ಹಲ್ಲಣ್ಣನ ಮುಖ ಪೆಚ್ಚಾಯಿತು. ಹೊಳಪಿನ ಹುಚ್ಚಿನಲ್ಲಿ ದವಡೆ ಹಲ್ಲಿನ, ಊಟ ಅರೆಯುವ ಉಬ್ಬುತಗ್ಗನ್ನೆಲ್ಲ ತಾನೇ ಉಜ್ಜಿ ಅಳಿಸಿದ್ದ! ಮೂರು ತಿಂಗಳು ಬಾಯಿಯ ಪಾಲಿನ ಕೆಲಸವನ್ನೂ ಆ ಬಡ ಹೊಟ್ಟೆಯೇ ಮಾಡಿತ್ತಲ್ಲ!

ಎರಡು ದಿನ ಬೇರೆ ಕೆಲಸ ಮುಟ್ಟದೆ, ಉಬ್ಬುತಗ್ಗು ಉಳಿಸಿ ಹೊಸ ಸೆಟ್ಟು ಮಾಡಿದ. ಅಕ್ಕ ಅದನ್ನು ಹಾಕಿಕೊಂಡು ಒಣ ಬ್ರೆಡ್ಡಿನ ತುಂಡು ಬಾಯಿಗಿಟ್ಟಳು. ಎದುರಿಗೆ ಕೂತು ಅವನು ಕಣ್ಣು ಮಿಟುಕಿಸದೆ ನೋಡಿದ. ಜಾರಿದ ಚೂರನ್ನು ನಾಲಿಗೆ ಹುಡುಕಿ ತಂದು ಹಲ್ಲಿನಡಿಗೆ ಹಾಕುತ್ತಿತ್ತು, ಕೆನ್ನೆ ಒಳಕ್ಕೆ ನೂಕುತ್ತಿತ್ತು, ಯಾರೂ ಹೇಳದೆಯೇ ಎಂಜಲು ಒಸರುತ್ತಿತ್ತು. ಇಷ್ಟು ವರ್ಷ ಬಾಯಿಗಳ ಜೊತೆಗೇ ಬದುಕಿ ಇದನ್ನು ನೋಡದೇ ಹೋದೆನಲ್ಲ!

ಅಕ್ಕನ ಕಣ್ಣರಳಿತು. "ಸಿಹಿಯಾಗ್ತಾ ಇದೆ ಕಣೋ!"

"ಬರೀ ಬ್ರೆಡ್ಡಕ್ಕಾ, ಸಕ್ಕರೆ ಹಾಕಿಲ್ಲ."

"ಗೊತ್ತೋ. ಅಗೀತಾ ಇದ್ರೆ ಹೀಗೇ ಸಿಹಿಯಾಗುತ್ತೆ. ನಿಂಗೆ ಹಲ್ಲು ಬರೋಕೆ ಮುಂಚೆ ನಾನೇ ಅಗಿದು ನಿನ್ನ ಬಾಯಿಗಿಡ್ತಿದ್ದೆ. ಮನೇಲಿ ಇರ್ತಿದ್ದಿದ್ದೇ ಒಂದು ತುಂಡು ಬ್ರೆಡ್ಡು. ಸಿಹಿ ಬರೋ ಹೊತ್ತಿಗೆ ನುಂಗಿಬಿಡೋಣ ಅನ್ನಿಸೋದು. ನುಂಗ್ತಿರಲಿಲ್ಲ."

ಅಷ್ಟು ಹೇಳಿ, ಅಕ್ಕ ಬಾಯಲ್ಲಿದ್ದ ತುತ್ತನ್ನು ನುಂಗಿದಳು.