ಶುಕ್ರವಾರದ ನೀರು

ವಡೋದರಾದ ಮಕರಪುರದಲ್ಲಿದ್ದ ಒಂದು ಬಣ್ಣದ ಕಾರ್ಖಾನೆಯಲ್ಲಿ ಗುಂಡಪ್ಪ ಹನ್ನೊಂದು ವರ್ಷ ಹೊರಬೀಳುವ ನೀರನ್ನು ಪರೀಕ್ಷೆ ಮಾಡಿದ. ಗದಗಿನವನು, ಎರಡನೆಯ ದರ್ಜೆಯ ಬಿ.ಎಸ್ಸಿ.; ಮಂಜಲ್‌ಪುರದಲ್ಲಿ ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಹೆಂಡತಿ ಯಶೋದಾಳೊಂದಿಗೆ ಬಾಡಿಗೆಗಿದ್ದ. ಜಾಣನೆಂದು ಯಾರೂ ಹೇಳುತ್ತಿರಲಿಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವವನು. ಅಂಥವರು ಕಂಪನಿಗಳಿಗೆ ಏಕೆ ಬೇಕೆಂಬುದು ೧೯೯೬ರ ಬೇಸಿಗೆಯಲ್ಲಿ ಗೊತ್ತಾಯಿತು.

ಆ ವರ್ಷ ಕಂಪನಿ ಷೇರುದಾರರಿಗೆ ಕಳಿಸುವ ವಾರ್ಷಿಕ ವರದಿಯ ಜೊತೆಗೆ ಹಸಿರು ಅಂಚಿನ ಕೈಪತ್ರವೊಂದನ್ನು ಅಚ್ಚು ಹಾಕಿಸುತ್ತಿತ್ತು. ಅದರ ಗುಜರಾತಿ ಪ್ರತಿ, ಕಾರ್ಖಾನೆಯ ನೀರು ಹರಿಯುವ ನಾಲೆಯ ಕೆಳಗಿನ ಹಳ್ಳಿಗೆ. 'ನಮ್ಮ ಹೊರನೀರು ದನಕ್ಕೂ ಹೊಲಕ್ಕೂ ನಿರಪಾಯ' ಎಂಬ ವಾಕ್ಯ, ಹನ್ನೆರಡು ತಿಂಗಳ ಅಂಕಿಗಳು, ಕೊನೆಗೆ ಬಿಳಿ ಕೋಟು ತೊಟ್ಟ ಗುಂಡಪ್ಪನ ಫೋಟೊ ಮತ್ತು ಹೆಸರು. ನಾನು ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಇಂಗ್ಲಿಷ್ ಕರಡನ್ನು ಗುಂಡಪ್ಪ ನನ್ನಿಂದ ತಿದ್ದಿಸಲು ತಂದಿದ್ದ. ಅಂಕಿಗಳು ಅತಿಯಾಗಿ ಚೆನ್ನಾಗಿದ್ದವು.

"ನೀರು ಯಾವಾಗ ಹಿಡಿಯುತ್ತೀಯ?"

"ಶುಕ್ರವಾರ ಮುಂಜಾನಿ ಏಳಕ್ಕರೀ. ಮೊದಲನೇ ಸಾಹೇಬ್ರು ಹಾಕಿಕೊಟ್ಟ ಪದ್ಧತಿರಿ ಅದು."

ವಿದ್ಯುತ್ತಿನ ಹೊರೆ ಹಂಚಲು ಅಲ್ಲಿ ಒಂದೊಂದು ಕೈಗಾರಿಕಾ ಪ್ರದೇಶಕ್ಕೆ ವಾರದಲ್ಲಿ ಒಂದೊಂದು ದಿನ ರಜೆ. ಇವರದು ಗುರುವಾರ. ಇಡೀ ದಿನ ಬಣ್ಣ ಬೇಯುವುದಿಲ್ಲ. ತೊಟ್ಟಿಯ ಕೆಸರು ತಳ ಸೇರುತ್ತದೆ. ಮರುದಿನ ಮೊದಲು ಬರುವುದು ತಿಳಿನೀರು.

"ಗುರುವಾರ ಕಾರ್ಖಾನೆ ಮುಚ್ಚಿರುತ್ತದೆ ಎನ್ನುವುದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೊಳೆಯಲಿಲ್ಲವೆ?"

ಅವನು ಅಂಕಿಗಳ ಮೇಲೆ ಬೆರಳಾಡಿಸಿದ. ಹೊಳೆದಿತ್ತೋ ಇಲ್ಲವೋ, ನನಗೆ ಇವತ್ತಿಗೂ ಖಚಿತವಿಲ್ಲ. ಉತ್ತರ ಕೊಟ್ಟವಳು ಜೊತೆಗೆ ಬಂದಿದ್ದ ಯಶೋದಾ. "ಎಮ್ಮಿ ಸತ್ರ ಹಳ್ಳಿಯವ್ರು ಸಾಹೇಬನ ಬಂಗ್ಲೆಕ್ಕ ಹೋಗೂದಿಲ್ರಿ ಅಮ್ಮಾರ. ಫೋಟೊ ನೋಡ್ಕೊಂತ ನಮ್ಮ ಬಾಗ್ಲಕ್ಕ ಬರ್ತಾರ. ಕೋಟ್ ಹಾಕ್ಕೊಂಡು ಹಲ್ಲು ಕಿಸದಾನ ನೋಡ್ರಿ, ಮದುವಿ ಫೋಟೊದಾಗೂ ಹಿಂಗ ನಕ್ಕಿರಲಿಲ್ಲ."

ಗುಂಡಪ್ಪ ಮಂಗಳವಾರ ಮಧ್ಯಾಹ್ನ ಮೂರಕ್ಕೆ ನೀರು ಹಿಡಿದ. ಕೊಳೆಯ ಅಂಕಿ ಕೈಪತ್ರದಲ್ಲಿದ್ದುದರ ಆರು ಪಟ್ಟು. ಮತ್ತೊಮ್ಮೆ ಮಾಡಿದ, ಅಷ್ಟೇ. ಅದನ್ನು ಹಿಡಿದು ಕೈಪತ್ರ ಬರೆಸುತ್ತಿದ್ದ ಅಧಿಕಾರಿ ಹಸ್ಮುಖ್‌ಭಾಯಿಯ ಬಳಿಗೆ ಹೋದ. ಅವರು ಓದಿ ನಕ್ಕರಂತೆ.

"ಗುಂಡಪ್ಪಭಾಯಿ, ಗಂಡಿನ ಕಡೆಯವರು ಬಂದಾಗ ಜ್ವರ ಬಂದ ಮಗಳನ್ನು ಯಾರಾದರೂ ಎದುರಿಗೆ ಕೂರಿಸುತ್ತಾರೆಯೆ? ನಾವು ಬರೆದದ್ದರಲ್ಲಿ ಸುಳ್ಳು ಯಾವುದು, ತೋರಿಸಿ."

ಅಂಕಿಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದೇ ಅದರ ಜಾಣತನ.

"ಮಂಗಳವಾರದ್ದೂ ಹಾಕಿ, ಇಲ್ಲವೆ ನನ್ನ ಹೆಸರು ತೆಗೆಯಿರಿ," ಎಂದ ಗುಂಡಪ್ಪ.

ಹೆಸರು ತೆಗೆಯಲು ಅವರಿಗೆ ಅರ್ಧ ನಿಮಿಷ ಸಾಕಾಯಿತು. 'ನಮ್ಮ ಪರಿಣತರು' ಎಂದು ಅಚ್ಚಾಯಿತು. ಅಂಕಿಗಳು ಹಾಗೆಯೇ ಉಳಿದವು.

"ಪಾರಾದ್ನಿರಿ," ಎಂದು ಹೇಳಲು ಬಂದ.

"ನೀನು ಪಾರಾದೆ. ಎಮ್ಮೆಗಳು?" ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದ.

ಮರು ವಾರ ಹಳ್ಳಿಯ ಪಂಚಾಯತಿ ಕಟ್ಟೆಯ ಮೇಲೆ ಸಭೆ. ನಾನೂ ಹೋದೆ, ಮುದುಕಿಯನ್ನು ಯಾರೂ ತಡೆಯುವುದಿಲ್ಲ. ಹಸ್ಮುಖ್‌ಭಾಯಿ ಕೈಪತ್ರ ಓದಿದರು. ತಿಳಿನೀರಿನ ಶೀಸೆ ಎತ್ತಿ ತೋರಿಸಲು ಗುಂಡಪ್ಪನನ್ನೇ ಕರೆತಂದಿದ್ದರು. ರೇವಾಬೆನ್ ಎಂಬ ಹೆಂಗಸು, ಎರಡು ಎಮ್ಮೆ ಸಾಕಿದವಳು, ಎದ್ದು ಕೇಳಿದಳು: "ಭಾಯಿ, ನಮ್ಮ ನಾಲೆಯ ನೀರು ಚಹಾದ ಹಾಗಿರುತ್ತದೆ. ಇದನ್ನು ಯಾವ ಊರಿನಿಂದ ತಂದಿರಿ?"

ಜನ ನಕ್ಕರು. ಹಸ್ಮುಖ್‌ಭಾಯಿಯೂ ನಕ್ಕು ಗುಂಡಪ್ಪನ ಕಡೆ ನೋಡಿದರು. ಅವನು ಶೀಸೆಯನ್ನು ಕಟ್ಟೆಯ ಮೇಲೆ ಇಟ್ಟ.

"ನಮ್ಮ ಕಾರ್ಖಾನೆಯದೇ, ಬೆನ್," ಎಂದ, ಹರಕು ಗುಜರಾತಿಯಲ್ಲಿ. "ರಜೆಯ ಮರುದಿನ ಬೆಳಿಗ್ಗೆ ಹಿಡಿದದ್ದು. ಮಂಗಳವಾರ ಮೂರು ಗಂಟೆಗೆ ನಿಮ್ಮ ಕೊಡ ತೆಗೆದುಕೊಂಡು ಬನ್ನಿ."

ಮರುದಿನವೇ ಅವನನ್ನು ಪ್ರಯೋಗಾಲಯದಿಂದ ಉಗ್ರಾಣಕ್ಕೆ, ಖಾಲಿ ಡ್ರಮ್ಮುಗಳನ್ನು ಎಣಿಸಲು, ಹಾಕಿದರು.

ಮಂಗಳವಾರ ಏಳು ಹೆಂಗಸರು ಕೊಡ ಹಿಡಿದು ನಾಲೆಯ ಬಾಯಿಗೆ ಬಂದರು. ಕೊಳವೆಯಿಂದ ಬಿದ್ದದ್ದು ತಿಳಿನೀರು. ಚಿಮಣಿಯಲ್ಲಿ ಹೊಗೆಯಿರಲಿಲ್ಲ, ಸೋಮವಾರದಿಂದ ಯಂತ್ರ ರಿಪೇರಿ ಎಂದು ಬಾಗಿಲಲ್ಲಿ ಚೀಟಿ ಅಂಟಿಸಿದ್ದರು. ರೇವಾಬೆನ್ ಕೊಡದೊಳಗೆ ಇಣುಕಿ, ಉಗ್ರಾಣದ ಬೇಲಿಯಾಚೆ ನಿಂತಿದ್ದ ಗುಂಡಪ್ಪನನ್ನು ಕೂಗಿದಳು.

"ಏ ಭಾಯಿ, ನಿನ್ನ ಸಾಹೇಬನೇ ನಿಜ ಹೇಳಿದ್ದನಲ್ಲ! ಸುಮ್ಮನೆ ನಡೆಸಿದೆಯಲ್ಲೋ ನಮ್ಮನ್ನು."

ಹೆಂಗಸರು ನೀರು ಚೆಲ್ಲಿ ಹೊರಟರು. ಗುಂಡಪ್ಪ ಬೇಲಿಗೆ ಮುಖವಿಟ್ಟು ಗಟ್ಟಿಯಾಗಿ, ಕಾವಲುಗಾರನಿಗೂ ಕೇಳುವಂತೆ, ಹೇಳಿದ:

"ಬೆನ್, ತಪ್ಪು ನನ್ನದು. ದಿನ ಹೇಳಬಾರದಿತ್ತು. ಇನ್ನೊಮ್ಮೆ ಬನ್ನಿ. ಯಾವತ್ತು ಅಂತ ನನಗೂ ಹೇಳಬೇಡಿ."